ಎರಡು ಬ್ಯಾಟರಿ ಇದ್ದರೂ ಸೆಲ್ಫ್ ಎಳೆಯದಿದ್ದರೆ ದೋಷ ಎಲ್ಲಿ ಹುಡುಕಬೇಕು?

ಫೆಬ್ರುವರಿ ತಿಂಗಳು, ಬೆಳಗಿನ ಐದು ಗಂಟೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ತುಂಬಿಕೊಂಡು ನಿಂತಿದ್ದ ಹತ್ತು ಚಕ್ರದ ಲಾರಿಯೊಂದು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಇಂಜಿನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ನಾನು ಮೀಟರು, ಸ್ಪ್ಯಾನರ್ ಹಿಡಿದು ಹೋಗುವಷ್ಟರಲ್ಲಿ ಸುತ್ತ ನಾಲ್ಕು ಜನ ಸೇರಿದ್ದರು. ನಾಲ್ಕು ಜನಕ್ಕೆ ನಾಲ್ಕು ತೀರ್ಮಾನ. ಒಬ್ಬರು ಸೆಲ್ಫ್ (ಇಂಜಿನ್ ತಿರುಗಿಸಿ ಎಬ್ಬಿಸುವ ಮೋಟರು) ಬಿಚ್ಚಿ, ಅದರೊಳಗೆ ತಿರುಗುವ ಆರ್ಮೇಚರ್ ನೋಡಿ ಅಂದರು. ಇನ್ನೊಬ್ಬರು ಬ್ಯಾಟರಿ ಕಂಪನಿಗೆ ಬೈದರು. ಮೂರನೆಯವರದು ಬಲು ಸುಲಭದ ಪರಿಹಾರ: ಇನ್ನೊಂದು ಬ್ಯಾಟರಿ ತಂದು ಪಕ್ಕಕ್ಕೆ ಸೇರಿಸಿಬಿಡಿ. ನಾಲ್ಕನೆಯವರು ತಳ್ಳೋಣ ಅಂದರು. ಹದಿನೈದು ಟನ್ ಲೋಡು!

ಡ್ರೈವರ್ ಮಾತ್ರ ಸುಸ್ತಾಗಿ ಕೂತಿದ್ದ. "ಎಂಟು ತಿಂಗಳಾತ್ರಿ ಅಣ್ಣಾರ, ಎರಡೂ ಹೊಸಾವು ಹಾಕಿಸಿ. ಮೀಟರ್‌ನ್ಯಾಗ 24 ತೋರಸ್ತೈತಿ, ಸೆಲ್ಫ್ ಮಾತ್ರ ಎಳಿವಲ್ದು" ಅಂದ.

ಆ ಮಾತಿನಲ್ಲೇ ಸುಳಿವಿತ್ತು. ಎರಡು ಬ್ಯಾಟರಿ ಇರುವ ಗಾಡಿಯಲ್ಲಿ ಒಟ್ಟು ವೋಲ್ಟ್ ನೋಡಿ ನಂಬುವುದೇ ಮೊದಲ ತಪ್ಪು. ಆ ಲಾರಿಯ ಕಥೆಯನ್ನೇ ಹಿಡಿದುಕೊಂಡು, ದೋಷ ಎಲ್ಲಿದೆ ಅಂತ ನಾನು ಹೇಗೆ ಹುಡುಕುತ್ತೇನೆ ಅನ್ನುವುದನ್ನು ಬರೆಯುತ್ತೇನೆ. ಟ್ರ್ಯಾಕ್ಟರಿಗೆ ಎರಡನೇ ಬ್ಯಾಟರಿ ಸೇರಿಸುವವರಿಗೂ ಇದರಲ್ಲಿ ಕೆಲಸದ ವಿಷಯ ಇದೆ.

ಸೀರೀಸ್ ಅಂದರೆ ಏನಾಗುತ್ತದೆ, ಪ್ಯಾರಲಲ್ ಅಂದರೆ ಏನಾಗುತ್ತದೆ

12 ವೋಲ್ಟಿನ, 100 ಆಂಪಿಯರ್-ಅವರಿನ (ಅಂದರೆ 10 ಆಂಪಿಯರನ್ನು ಹತ್ತು ಗಂಟೆ ಕೊಡುವಷ್ಟು ಚಾರ್ಜ್ ಹಿಡಿಯುವ) ಎರಡು ಬ್ಯಾಟರಿ ಇವೆ ಅಂದುಕೊಳ್ಳಿ. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಲಿಂಕ್ ಕೇಬಲ್‌ನಿಂದ ಸೇರಿಸಿ, ಉಳಿದ ಎರಡು ತುದಿಯಿಂದ ಕರೆಂಟ್ ತೆಗೆದರೆ ಅದು ಸೀರೀಸ್. 24 ವೋಲ್ಟ್ ಸಿಗುತ್ತದೆ, ಆಂಪಿಯರ್-ಅವರ್ 100 ಆಗಿಯೇ ಉಳಿಯುತ್ತದೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದರೆ ಪ್ಯಾರಲಲ್. 12 ವೋಲ್ಟ್ ಹಾಗೇ ಇರುತ್ತದೆ, ಆಂಪಿಯರ್-ಅವರ್ 200 ಆಗುತ್ತದೆ. ಒಳಗಿರುವ ಶಕ್ತಿ ಎರಡರಲ್ಲೂ ಒಂದೇ, 2400 ವಾಟ್-ಅವರ್. ಜೋಡಣೆ ಬದಲಿಸಿದ ಮಾತ್ರಕ್ಕೆ ಶಕ್ತಿ ಹುಟ್ಟುವುದಿಲ್ಲ.

ಹಾಗಾದರೆ ಲಾರಿಗೆ 24 ಯಾಕೆ ಇಟ್ಟರು? ಕೇಬಲ್‌ಗಾಗಿ. ದೊಡ್ಡ ಡೀಸೆಲ್ ಇಂಜಿನ್ ತಿರುಗಿಸಲು 4800 ವಾಟ್ ಬೇಕು ಅಂದುಕೊಳ್ಳಿ. 12 ವೋಲ್ಟಿನಲ್ಲಿ ಅದಕ್ಕೆ 400 ಆಂಪಿಯರ್ ಹರಿಯಬೇಕು. 24ರಲ್ಲಿ 200 ಸಾಕು. ಹೋಗಿಬರುವ ಕೇಬಲ್, ಜಾಯಿಂಟ್ ಎಲ್ಲ ಸೇರಿ 5 ಮಿಲಿಓಮ್ (ಒಂದು ಓಮಿನ ಸಾವಿರದಲ್ಲಿ ಐದು ಪಾಲು) ತಡೆ ಇದ್ದರೆ, 400 ಆಂಪಿಯರಿಗೆ 2 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಅಂದರೆ 12ರಲ್ಲಿ ಆರನೇ ಒಂದು ಭಾಗ. 200 ಆಂಪಿಯರಿಗೆ 1 ವೋಲ್ಟ್ ಮಾತ್ರ ಸೋರುತ್ತದೆ. ಅದು 24ರಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಈ ಉಪಾಯ ಹಳೆಯದು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಲೈಟಿಗೆ, ಚಾರ್ಜಿಗೆ 6 ವೋಲ್ಟ್, ಸ್ಟಾರ್ಟ್ ಮಾಡುವ ಹೊತ್ತಿಗೆ ಮಾತ್ರ 24. ಬ್ಯಾಟರಿಯ ಭಾಗಗಳನ್ನು ಒಂದು ಸ್ವಿಚ್ ಪ್ಯಾರಲಲ್‌ನಿಂದ ಸೀರೀಸಿಗೆ ತಿರುಗಿಸುತ್ತಿತ್ತು.

ಈಗ ದೋಷದ ವಿಷಯ. ಸೀರೀಸಿನಲ್ಲಿ ಒಂದು ಬ್ಯಾಟರಿ ಮೂಲಕ ಹೋದ ಕರೆಂಟೇ ಇನ್ನೊಂದರ ಮೂಲಕವೂ ಹೋಗಬೇಕು. ಬೇರೆ ದಾರಿ ಇಲ್ಲ. ಮನೆ ಆರ್‌ಸಿಸಿ ಹಾಕುವ ದಿನ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿ ದಾಟಿಸುತ್ತಾರಲ್ವಾ? ಸಾಲಿನಲ್ಲಿ ಒಬ್ಬನ ಕೈ ಸೋತರೆ ಇಡೀ ಸಾಲು ಅವನ ವೇಗಕ್ಕೆ ಇಳಿಯುತ್ತದೆ. ಸೀರೀಸ್ ಬ್ಯಾಟರಿಯೂ ಹಾಗೇ. ಪ್ಯಾರಲಲ್‌ನಲ್ಲಿ ಕಥೆ ಬೇರೆ. ಅಲ್ಲಿ ಸೋತ ಬ್ಯಾಟರಿ ಸುಮ್ನೆ ಕೂರುವುದಿಲ್ಲ, ಒಳ್ಳೆಯದರ ಚಾರ್ಜನ್ನು ಕುಡಿಯುತ್ತದೆ. ಪೈಪಿನಿಂದ ಸೇರಿಸಿದ ಎರಡು ಟ್ಯಾಂಕ್‌ಗಳಲ್ಲಿ ಒಂದರ ತಳ ತೂತಾದರೆ ಬೆಳಗ್ಗೆಗೆ ಎರಡೂ ಖಾಲಿ.

ಮೀಟರ್ ಹಿಡಿಯುವ ಮುಂಚೆ

ಬ್ಯಾಟರಿ ಹತ್ತಿರ ಬೀಡಿ, ಲೈಟರ್ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಉಂಗುರ, ಕೈಕಡಗ, ಸ್ಟೀಲ್ ವಾಚು ಕಳಚಿಡಿ. ಪ್ಲಸ್ಸಿಗೂ ಬಾಡಿಗೂ ನಡುವೆ ಸ್ಪ್ಯಾನರ್ ಬಿದ್ದರೆ ಅದು ಕ್ಷಣದಲ್ಲಿ ಕೆಂಪಗಾಗುತ್ತದೆ. ಬೆರಳಲ್ಲಿದ್ದ ಉಂಗುರಕ್ಕೂ ಅದೇ ಗತಿ. ಬಿಚ್ಚುವಾಗ ಮೊದಲು ಅರ್ತ್ ಕೇಬಲ್ (ಮೈನಸ್ಸಿನಿಂದ ಬಾಡಿಗೆ ಹೋಗುವುದು), ಹಾಕುವಾಗ ಅರ್ತ್ ಕಡೆಗೆ.

ದುಬಾರಿ ಮೀಟರ್ ಬೇಕಿಲ್ಲ. ಡಿಸಿ ವೋಲ್ಟ್ ಸರಿಯಾಗಿ ತೋರಿಸುವ ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಆದರೆ ಅದರ ಆಂಪಿಯರ್ ತೂತಿಗೆ ಪ್ರೋಬ್ ಹಾಕಿ ಬ್ಯಾಟರಿಗೆ ಹಿಡಿಯಬೇಡಿ. ಮೀಟರ್ ಸುಡುತ್ತದೆ, ಕೈಯೂ ಸುಡಬಹುದು. ಕೀ ತಿರುಗಿಸಲು ಇನ್ನೊಬ್ಬರು ಬೇಕು. ಇಂಜಿನ್ ಸ್ಟಾರ್ಟ್ ಆಗದ ಹಾಗೆ ಸ್ಟಾಪ್ ಕೇಬಲ್ ಎಳೆದು ಹಿಡಿದರೆ ಅಳೆಯಲು ಸಮಯ ಸಿಗುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ನಡುವೆ ಒಂದೆರಡು ನಿಮಿಷ ಬಿಡಿ.

ಮೊದಲ ಅಳತೆ: ಸುಮ್ಮನೆ ನಿಂತಾಗ, ಒಂದೊಂದನ್ನೂ ಬೇರೆಬೇರೆಯಾಗಿ

ಪೂರ್ತಿ ಚಾರ್ಜಾದ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ 12.6ರಿಂದ 12.7 ತೋರಿಸಬೇಕು. 12.4 ಅಂದರೆ ಮುಕ್ಕಾಲು ಪಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು. 11.8ಕ್ಕಿಂತ ಕೆಳಗೆ ಖಾಲಿ ಅನ್ನಬಹುದು. ನೋಡಿ, ತುಂಬಿದ್ದಕ್ಕೂ ಬರಿದಾಗಿದ್ದಕ್ಕೂ ಒಂದು ವೋಲ್ಟೂ ವ್ಯತ್ಯಾಸ ಇಲ್ಲ. ಅದಕ್ಕೇ ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬಾರದು.

ಆ ಲಾರಿಯಲ್ಲಿ ಒಟ್ಟು 24.5 ಇತ್ತು. ಡ್ರೈವರ್ ಹೇಳಿದ್ದು ಸುಳ್ಳಲ್ಲ. ಒಂದೊಂದನ್ನೇ ಅಳೆದಾಗ ಗುಟ್ಟು ಬಯಲಾಯಿತು. ಕೇಬಲ್ ಸೆಲ್ಫಿಗೆ ಹೋಗುವ ಕಡೆಯ ಬ್ಯಾಟರಿ (ಇದನ್ನು ಮೇಲಿನದು ಅನ್ನೋಣ) 12.8. ಅರ್ತ್ ಕಡೆಯದು (ಇದು ಕೆಳಗಿನದು) 11.7. ಒಂದು ತುಂಬಿ ತುಳುಕುತ್ತಿದೆ, ಇನ್ನೊಂದು ಬರಿದು. ಒಂದೇ ದಿನ ಕೊಂಡ, ಒಂದೇ ಡೈನಮೋದಿಂದ ಚಾರ್ಜಾಗುವ ಎರಡು ಬ್ಯಾಟರಿ ಹೀಗಿರಬಾರದು. 0.2 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ನಾನು ಅಲ್ಲೇ ನಿಂತು ಕಾರಣ ಹುಡುಕುತ್ತೇನೆ.

ಎರಡನೇ ಅಳತೆ: ಸೆಲ್ಫ್ ಹೊಡೆಯುವಾಗ

ನಿಜವಾದ ಪರೀಕ್ಷೆ ಇದೇ. ಸುಮ್ಮನೆ ನಿಂತಾಗ 12.5 ತೋರಿಸುವ ಬ್ಯಾಟರಿ ಲೋಡ್ ಬಿದ್ದ ತಕ್ಷಣ ಕುಸಿಯಬಹುದು. ಕೀ ತಿರುಗಿಸಲು ಹೇಳಿ, ಪ್ರೋಬನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಿ ಹಿಡಿಯಿರಿ. ಕ್ಲಾಂಪಿಗಲ್ಲ, ಕಂಬಕ್ಕೆ. 12 ವೋಲ್ಟ್ ಬ್ಯಾಟರಿ 9.6ಕ್ಕಿಂತ ಕೆಳಗಿಳಿಯಬಾರದು. 24ರ ಗಾಡಿಯಲ್ಲಿ ಒಟ್ಟು 19ರ ಸುತ್ತ ಇರಬೇಕು.

ಲಾರಿಯಲ್ಲಿ ಒಟ್ಟು 14.4ಕ್ಕೆ ಬಿತ್ತು. ಇಷ್ಟನ್ನೇ ನೋಡಿದ್ದರೆ ಎರಡೂ ಹೋಗಿವೆ ಅಂತ ಎರಡನ್ನೂ ಬದಲಿಸುತ್ತಿದ್ದರು. ಬೇರೆಬೇರೆಯಾಗಿ ಅಳೆದರೆ ಮೇಲಿನದು 10.3, ಅರ್ತ್ ಕಡೆಯದು 4.1. ಅಂದರೆ ಒಂದು ಬ್ಯಾಟರಿ ಜೀವ ಹಿಡಿದು ಎಳೆಯುತ್ತಿದೆ, ಇನ್ನೊಂದು ಅದರ ದಾರಿಯಲ್ಲಿ ಕಲ್ಲಾಗಿ ಕೂತಿದೆ. ಇನ್ನೂ ಕೆಟ್ಟ ಸ್ಥಿತಿಯಲ್ಲಿ, ಸತ್ತ ಬ್ಯಾಟರಿ ಮೀಟರಿನಲ್ಲಿ ಉಲ್ಟಾ ವೋಲ್ಟ್ ತೋರಿಸುವುದೂ ಉಂಟು. ಒಳ್ಳೆಯದು ಬಲವಂತವಾಗಿ ಕರೆಂಟ್ ನುಗ್ಗಿಸಿದಾಗ ಹಾಗಾಗುತ್ತದೆ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದೇ ಬ್ಯಾಟರಿ ಕುಸಿದರೆ ದೋಷ ಆ ಬ್ಯಾಟರಿಯಲ್ಲಿ, ಇಲ್ಲವೇ ಅದಕ್ಕೆ ಚಾರ್ಜ್ ಸೇರದಿರುವುದರಲ್ಲಿ. ಎರಡೂ ಸಮವಾಗಿ ಕುಸಿದರೆ ಎರಡೂ ಖಾಲಿಯಾಗಿವೆ, ಅಥವಾ ಸೆಲ್ಫ್ ವಿಪರೀತ ಕರೆಂಟ್ ಎಳೆಯುತ್ತಿದೆ. ಬುಷ್ ಸವೆದು ಆರ್ಮೇಚರ್ ಒಳಗೆ ಉಜ್ಜುತ್ತಿದ್ದರೆ ಹೀಗಾಗುತ್ತದೆ. ಬ್ಯಾಟರಿ ಎರಡೂ 11ರ ಮೇಲೇ ನಿಂತು, ಸೆಲ್ಫ್ ಮಾತ್ರ ಮುಲುಗುತ್ತಿದ್ದರೆ ಬ್ಯಾಟರಿಗಳ ತಂಟೆಗೆ ಹೋಗಬೇಡಿ. ವೋಲ್ಟ್ ದಾರಿಯಲ್ಲಿ ಎಲ್ಲೋ ಸೋರುತ್ತಿದೆ. ಕೇಬಲ್, ಕ್ಲಾಂಪ್, ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್), ಅರ್ತ್ ಪಟ್ಟಿ ನೋಡಿ.

ಸದ್ಯಕ್ಕೆ ಲಾರಿ ಹೊರಡಬೇಕಲ್ಲ

ಲೋಡು ಕಾಯುವುದಿಲ್ಲ. ಹತ್ತಿರ ಇನ್ನೊಂದು 24ರ ಲಾರಿ ಇರಲಿಲ್ಲ. ಒಂದು ಟ್ರ್ಯಾಕ್ಟರ್ ಇತ್ತು, ಅದು 12 ವೋಲ್ಟಿನದು. "ಹನ್ನೆರಡರದು ತಗೊಂಡು ಇಪ್ಪತ್ನಾಲ್ಕಕ್ಕ ಏನ್ ಮಾಡ್ತೀರಿ" ಅಂತ ಒಬ್ಬರು ನಕ್ಕರು. ಆದರೆ ಖಾಲಿಯಾಗಿದ್ದದ್ದು ಅರ್ತ್ ಕಡೆಯ ಬ್ಯಾಟರಿ. ಅದರ ಮೈನಸ್ ಲಾರಿಯ ಬಾಡಿಗೇ ಸೇರಿದೆ. ಹಾಗಾಗಿ ಆ ಒಂದು ಬ್ಯಾಟರಿಗೆ ಟ್ರ್ಯಾಕ್ಟರನ್ನು ಪ್ಯಾರಲಲ್ ಮಾಡಬಹುದು. ಟ್ರ್ಯಾಕ್ಟರ್ ಪ್ಲಸ್ಸನ್ನು ಆ ಬ್ಯಾಟರಿಯ ಪ್ಲಸ್ಸಿಗೆ, ಅಂದರೆ ಲಿಂಕ್ ಕೇಬಲ್ ಕೂತಿರುವ ಜಾಗಕ್ಕೆ ಸೇರಿಸಿದೆ. ಟ್ರ್ಯಾಕ್ಟರ್ ಮೈನಸ್ಸನ್ನು ಲಾರಿಯ ಚಾಸಿಗೆ, ಬ್ಯಾಟರಿಯಿಂದ ದೂರ ಒಂದು ಬರಿ ಕಬ್ಬಿಣದ ಜಾಗಕ್ಕೆ. ಮುಕ್ಕಾಲು ಗಂಟೆ ಟ್ರ್ಯಾಕ್ಟರನ್ನು ಸ್ವಲ್ಪ ರೇಸಿನಲ್ಲಿ ಬಿಟ್ಟೆವು. ಅಷ್ಟರಲ್ಲಿ ಚಹಾ ಆಯಿತು. ಆಮೇಲೆ ಕೇಬಲ್ ಕಳಚಿ ಕೀ ತಿರುಗಿಸಿದರೆ ಲಾರಿ ಎದ್ದಿತು.

ಇದನ್ನು ಮಾಡುವವರು ಒಂದು ಮಾತು ನೆನಪಿಡಿ. 12ರ ಟ್ರ್ಯಾಕ್ಟರ್ ಕೇಬಲನ್ನು ಅಪ್ಪಿತಪ್ಪಿಯೂ 24ರ ಎರಡು ತುದಿಗೆ ಹಾಕಬೇಡಿ, ಟ್ರ್ಯಾಕ್ಟರಿನ ಡೈನಮೋ ಡಯೋಡು, ಬಲ್ಬು ಎಲ್ಲ ಹೋಗುತ್ತವೆ. ಲಾರಿಯಿಂದ ಲಾರಿಗೆ ಜಂಪ್ ಮಾಡುವಾಗ ಮಾತ್ರ ಎರಡೂ ಗಾಡಿಯ ತುದಿ ಪ್ಲಸ್ಸಿನಿಂದ ತುದಿ ಪ್ಲಸ್ಸಿಗೆ, ಮೈನಸ್ ಬಾಡಿಗೆ.

ಅರ್ತ್ ಕಡೆಯದೇ ಯಾಕೆ ಸಾಯುತ್ತದೆ

ಲಾರಿ ಹೊರಡುವ ಮುಂಚೆ ಇಂಜಿನ್ ಓಡುವಾಗಲೂ ಅಳೆದೆ. ಒಟ್ಟು 28.2. ಸರಿಯಾಗಿಯೇ ಇದೆ, 27.6ರಿಂದ 28.8ರ ನಡುವೆ ಇದ್ದರೆ ಡೈನಮೋ ಚೆನ್ನಾಗಿದೆ ಅಂತ. ಆದರೆ ಹಂಚಿಕೆ? ಮೇಲಿನದಕ್ಕೆ 15.2, ಕೆಳಗಿನದಕ್ಕೆ 13.0. ಒಂದು ಕುದಿಯುತ್ತಿದೆ, ಒಂದು ಉಪವಾಸ.

"ಒಂದು ಬ್ಯಾಟರಿಗೆ ಮಾತ್ರ ಪದೇ ಪದೇ ಡಿಸ್ಟಿಲ್ಡ್ ವಾಟರ್ ಹಾಕ್ತೀಯಾ ತಮ್ಮಾ?" ಅಂತ ಕೇಳಿದೆ. ಹೌದು ಅಂದ. ಅದೇ ಮೇಲಿನದು. ಕ್ಯಾಬಿನ್ನಿಗೆ ಹತ್ತಿ ನೋಡಿದರೆ ಕಾರಣ ಹಾಡುತ್ತಿತ್ತು! ಕಾರಿನ ಮ್ಯೂಸಿಕ್ ಸೆಟ್ಟು, ಅದಕ್ಕೊಂದು ಆಂಪ್ಲಿಫೈಯರ್, ದೇವರ ಫೋಟೋಗೆ ಸೀರಿಯಲ್ ಲೈಟು, ಮೊಬೈಲ್ ಚಾರ್ಜರ್, ಒಂದು ಪುಟ್ಟ ಫ್ಯಾನು. ಎಲ್ಲ 12 ವೋಲ್ಟಿನವು. ಎಲ್ಲಕ್ಕೂ ಲಿಂಕ್ ಕೇಬಲ್ ಇರುವ ನಡುವಿನ ಕಂಬದಿಂದ ಒಂದು ವೈರ್ ಎಳೆದು, ಮೈನಸ್ ಬಾಡಿಗೆ ಕೊಟ್ಟಿದ್ದರು. ನಮ್ಮ ಕಡೆ ಎಷ್ಟೋ ಲಾರಿಗಳಲ್ಲಿ ಇದೇ ಕೆಲಸ ಇರುತ್ತದೆ. ಮಾಡಿದವರಿಗೆ ಐದು ನಿಮಿಷದ ಕೆಲಸ, ಅನುಭವಿಸುವವರು ಬ್ಯಾಟರಿ ಕೊಳ್ಳುವವರು.

ಒಟ್ಟು 6 ಆಂಪಿಯರ್ ಆಗುತ್ತಿತ್ತು. ರಾತ್ರಿ ಎಂಟು ಗಂಟೆ ಗಾಡಿ ನಿಲ್ಲಿಸಿ ಹಾಡು, ಫ್ಯಾನು ಬಿಟ್ಟರೆ 48 ಆಂಪಿಯರ್-ಅವರ್. 100ರ ಬ್ಯಾಟರಿಯಲ್ಲಿ ಅರ್ಧ ಮುಗಿಯಿತು. ಅದೂ ಒಂದರಲ್ಲಿ ಮಾತ್ರ.

ಇಲ್ಲಿಯವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. "ಹಗಲು ಓಡುವಾಗ ಚಾರ್ಜ್ ಆಗ್ತದಲ್ಲ" ಅಂತ ಕೇಳುತ್ತಾರೆ. ಆಗುವುದಿಲ್ಲ. ಡೈನಮೋದ ಕರೆಂಟ್ ಮೊದಲು ಮೇಲಿನ ಬ್ಯಾಟರಿ ಮೂಲಕ ಇಳಿದು ನಡುವಿನ ಕಂಬಕ್ಕೆ ಬರಬೇಕು. ಮೇಲಿನದು ಆಗಲೇ ತುಂಬಿರುವುದರಿಂದ ಅದು 2 ಆಂಪಿಯರ್ ಮಾತ್ರ ಬಿಡುತ್ತಿದೆ ಅಂದುಕೊಳ್ಳಿ. ನಡುವಿನ ಕಂಬಕ್ಕೆ ಬಂದದ್ದು 2. ಹಾಡಿಗೆ ಬೇಕಾದದ್ದು 6. ಉಳಿದ 4 ಎಲ್ಲಿಂದ? ಕೆಳಗಿನ ಬ್ಯಾಟರಿಯಿಂದ! ಅಂದರೆ ಇಂಜಿನ್ ಓಡುತ್ತಿರುವಾಗಲೂ ಅರ್ತ್ ಕಡೆಯ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಮೇಲಿನದು ನೀರು ಕುದಿಸಿಕೊಂಡು ಸಾಯುತ್ತದೆ, ಕೆಳಗಿನದು ಹಸಿದು ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಕಟ್ಟಿಕೊಂಡು ಸಾಯುತ್ತದೆ.

ಇಂಥ ಗಾಡಿಗೆ ಮೂರನೇ ಬ್ಯಾಟರಿ ಸೇರಿಸಿದ್ದರೆ? ಕೆಳಗಿನದಕ್ಕೆ ಪ್ಯಾರಲಲ್ ಮಾಡಿದರೆ ಒಂದು ವಾರ ಜಾಸ್ತಿ ಓಡುತ್ತಿತ್ತು. ಆಮೇಲೆ ಖಾಲಿ ಬ್ಯಾಟರಿ ಎರಡಾಗುತ್ತಿದ್ದವು. ಒಂದನ್ನೇ ಹೊಸದು ಹಾಕುವುದೂ ಪರಿಹಾರವಲ್ಲ. ಸೀರೀಸಿನಲ್ಲಿ ಎರಡೂ ಒಂದೇ ಅಳತೆ, ಒಂದೇ ವಯಸ್ಸಿನವು ಇರಬೇಕು. ಹಳೆಯದರ ಜೊತೆ ಹೊಸದು ಕಟ್ಟಿದರೆ ಹೊಸದು ಬೇಗ ತುಂಬಿ ಜಾಸ್ತಿ ಚಾರ್ಜ್ ತಿನ್ನುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸುವ ಹಣ ಇಲ್ಲದಿದ್ದರೆ, ಅಷ್ಟೇ ಹಳೆಯ ಒಳ್ಳೆಯ ಬ್ಯಾಟರಿ ಹುಡುಕಿ ಹಾಕುವುದು ಲೇಸು.

ಸರಿಯಾದ ದಾರಿ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್. ಅದು ಎರಡೂ ಬ್ಯಾಟರಿಯಿಂದ ಸಮವಾಗಿ ಎಳೆಯುತ್ತದೆ. ಹಾಕುವ ಲೋಡಿಗಿಂತ ಸ್ವಲ್ಪ ದೊಡ್ಡದು ಕೊಳ್ಳಿ. 6 ಆಂಪಿಯರ್ ಬೇಕಾದರೆ 10ರದು. ಫ್ಯೂಸ್ ಮರೆಯಬೇಡಿ.

ಟ್ರ್ಯಾಕ್ಟರಿಗೆ ಎರಡನೇ ಬ್ಯಾಟರಿ: ಲಾಭ ಎಷ್ಟು?

ಈಗ ಪ್ಯಾರಲಲ್ ಕಡೆ. "ಸೆಲ್ಫ್ ವೀಕ್ ಐತಿ, ಇನ್ನೊಂದು ಬ್ಯಾಟರಿ ಸೇರಿಸಿಕೊಡ್ರಿ" ಅಂತ ರೈತರು ಬರುತ್ತಾರೆ. ನಾನು ಮೊದಲು ಒಂದು ಲೆಕ್ಕ ಹೇಳುತ್ತೇನೆ.

ಸೆಲ್ಫ್ 300 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಬ್ಯಾಟರಿ 12.6 ವೋಲ್ಟ್, ಅದರ ಒಳಗಿನ ತಡೆ 6 ಮಿಲಿಓಮ್. ಕೇಬಲ್ ಚೆನ್ನಾಗಿದ್ದು 2 ಮಿಲಿಓಮ್ ಅಷ್ಟೇ. ಬ್ಯಾಟರಿ ಒಳಗೆ 1.8 ಹೋಗುತ್ತದೆ, ಕೇಬಲ್‌ನಲ್ಲಿ 0.6. ಸೆಲ್ಫಿಗೆ 10.2 ವೋಲ್ಟ್ ಮುಟ್ಟುತ್ತದೆ. ಇಂಜಿನ್ ಗಿರ್ರೆಂದು ತಿರುಗುತ್ತದೆ.

ಈಗ ಅರ್ತ್ ಕ್ಲಾಂಪಿಗೆ ತುಕ್ಕು ಹಿಡಿದು, ಪ್ಲಸ್ ಕಂಬಕ್ಕೆ ಹಸಿರು-ಬಿಳಿ ಪುಡಿ ಕಟ್ಟಿ ಕೇಬಲ್ ತಡೆ 10 ಮಿಲಿಓಮ್ ಆಯಿತು. ಕೇಬಲ್‌ನಲ್ಲೇ 3 ವೋಲ್ಟ್ ಸೋರಿತು. ಸೆಲ್ಫಿಗೆ ಉಳಿದದ್ದು 7.8. ಮುಲುಗುತ್ತದೆ. ಆರೇಳು ಸಾವಿರ ಕೊಟ್ಟು ಎರಡನೇ ಬ್ಯಾಟರಿ ಪ್ಯಾರಲಲ್ ಹಾಕಿದಿರಿ. ಒಳಗಿನ ತಡೆ 3 ಮಿಲಿಓಮಿಗೆ ಇಳಿಯಿತು, 0.9 ವೋಲ್ಟ್ ಉಳಿಯಿತು. ಸೆಲ್ಫಿಗೆ 8.7. ಸ್ವಲ್ಪ ಪರವಾಗಿಲ್ಲ ಅನಿಸುತ್ತದೆ. ಅದೇ ಎರಡು ಕ್ಲಾಂಪ್ ಬಿಚ್ಚಿ ಉಜ್ಜಿದ್ದರೆ? 2.4 ವೋಲ್ಟ್ ವಾಪಸ್. ಖರ್ಚು ಒಂದು ಚಮಚ ಅಡುಗೆ ಸೋಡಾ, ಅರ್ಧ ಚೊಂಬು ಬಿಸಿನೀರು, ಒಂದು ತುಂಡು ಪಾಲಿಷ್ ಪೇಪರ್. ಕರೆಂಟ್ ಸ್ವಲ್ಪ ಏರುಪೇರಾಗುವುದರಿಂದ ಗಾಡಿಯಲ್ಲಿ ಅಂಕಿ ಇಷ್ಟೇ ಬರುವುದಿಲ್ಲ, ಆದರೆ ಯಾವುದು ದೊಡ್ಡದು ಯಾವುದು ಚಿಕ್ಕದು ಅನ್ನುವುದು ಬದಲಾಗುವುದಿಲ್ಲ.

ಈ ಸೋರಿಕೆಯನ್ನು ಊಹೆ ಮಾಡಬೇಕಿಲ್ಲ, ಅಳೆಯಬಹುದು. ಮೀಟರಿನ ಒಂದು ಪ್ರೋಬ್ ಬ್ಯಾಟರಿ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫಿನ ದಪ್ಪ ಬೋಲ್ಟಿಗೆ. ಸೆಲ್ಫ್ ಹೊಡೆಯುವಾಗ ಬರುವ ಅಂಕಿಯೇ ಆ ದಾರಿಯ ಸೋರಿಕೆ. ಅರ್ಧ ವೋಲ್ಟ್ ದಾಟಬಾರದು. ಆಮೇಲೆ ಬ್ಯಾಟರಿ ಮೈನಸ್ ಕಂಬದಿಂದ ಸೆಲ್ಫಿನ ಮೈಗೆ. ಕಾಲು ವೋಲ್ಟ್ ದಾಟಬಾರದು. ಜಾಸ್ತಿ ಬಂದರೆ ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಕೇಬಲಿಗೆ, ಕೇಬಲಿನಿಂದ ಬೋಲ್ಟಿಗೆ ಅಂತ ತುಂಡು ತುಂಡಾಗಿ ಅಳೆಯುತ್ತಾ ಹೋಗಿ. ಅಂಕಿ ಎಲ್ಲಿ ಜಿಗಿಯುತ್ತದೋ ಅಲ್ಲಿ ಕಳ್ಳ ಇದ್ದಾನೆ. ಲಾರಿಯಲ್ಲಿ ಲಿಂಕ್ ಕೇಬಲ್ ಮತ್ತು ಕಟಾಫ್ ಸ್ವಿಚ್ (ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್) ಬಿಡಬೇಡಿ. ಸೋರಿಕೆ ಇರುವ ಜಾಗ ಸೆಲ್ಫ್ ಹೊಡೆದ ಮೇಲೆ ಬಿಸಿಯಾಗಿರುತ್ತದೆ, ಕೈ ಮುಟ್ಟಿದರೂ ತಿಳಿಯುತ್ತದೆ.

ಕೇಬಲ್ ವಿಷಯಕ್ಕೆ ಬಂದರೆ, ಎರಡನೇ ಬ್ಯಾಟರಿಗೆ ಸಿಕ್ಕಿದ ವೈರ್ ಹಾಕುವ ಚಟ ಇದೆ. 16 ಚದರ ಮಿಲಿಮೀಟರ್ ತಾಮ್ರದ ಎರಡು ಮೀಟರ್ ಕೇಬಲ್‌ಗೆ 2 ಮಿಲಿಓಮಿಗಿಂತ ಸ್ವಲ್ಪ ಜಾಸ್ತಿ ತಡೆ. ಅದರಲ್ಲಿ 300 ಆಂಪಿಯರ್ ಹರಿದರೆ 0.6 ವೋಲ್ಟಿಗೂ ಮೇಲೆ ಹೋಯಿತು. 50ರದ್ದಾದರೆ ಅದರ ಮೂರನೇ ಒಂದು ಭಾಗ. ಅಗ್ಗದ ಕೇಬಲ್ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ಇದ್ದರೆ ಅಂಗಡಿಗೇ ವಾಪಸ್ ಕೊಡಿ.

ಇಷ್ಟೆಲ್ಲ ಸರಿಯಿದ್ದೂ ಎರಡನೇ ಬ್ಯಾಟರಿ ಬೇಕೇ ಬೇಕು ಅಂದರೆ ಹಾಕಬಹುದು, ತಪ್ಪಿಲ್ಲ. ಸೇರಿಸುವ ಮುಂಚೆ ಎರಡನ್ನೂ ಪೂರ್ತಿ ಚಾರ್ಜ್ ಮಾಡಿ. ಒಂದು 12.7, ಇನ್ನೊಂದು 11.9 ಇರುವಾಗ ಸೇರಿಸಿದರೆ ದೊಡ್ಡ ಕಿಡಿ ಹಾರುತ್ತದೆ. ಸೆಲ್ಫಿಗೆ ಹೋಗುವ ಪ್ಲಸ್ಸನ್ನು ಒಂದು ಬ್ಯಾಟರಿಯಿಂದಲೂ ಅರ್ತನ್ನು ಇನ್ನೊಂದರಿಂದಲೂ ತೆಗೆಯಿರಿ. ಆಗ ಇಬ್ಬರ ಹೆಗಲ ಮೇಲೂ ಸಮ ಭಾರ ಬೀಳುತ್ತದೆ. ಎರಡೂ ಒಂದೇ ಕಡೆಯಿಂದ ತೆಗೆದರೆ ಹತ್ತಿರದ್ದೇ ಜಾಸ್ತಿ ದುಡಿಯುತ್ತದೆ.

ಮನೆಯ ಇನ್ವರ್ಟರ್ ಬ್ಯಾಟರಿ ಸುಮ್ನೆ ಇದೆಯಲ್ಲ, ಅದನ್ನೇ ಹಾಕೋಣವೇ? ಒಂದು ಬೆಳಗ್ಗೆ ಗಾಡಿ ಎಬ್ಬಿಸಲು ಸರಿ. ಕಾಯಂ ಬೇಡ. ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪ ಕರೆಂಟ್ ಕೊಡಲು ಮಾಡಿರುತ್ತಾರೆ. ಗಾಡಿ ಬ್ಯಾಟರಿಯಲ್ಲಿ ತೆಳು ಪ್ಲೇಟುಗಳು ಜಾಸ್ತಿ ಇರುತ್ತವೆ, ಕೆಲವು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಸುರಿಯುತ್ತವೆ. 150 ಆಂಪಿಯರ್-ಅವರ್ ಅಂತ ಬರೆದಿದ್ದ ಮಾತ್ರಕ್ಕೆ ಸೆಲ್ಫಿಗೆ ಬಲ ಅಂತಲ್ಲ.

ಸಂಜೆ ಸರಿ, ಬೆಳಗ್ಗೆ ಸತ್ತಿರುತ್ತದೆ

ಪ್ಯಾರಲಲ್ ಜೋಡಿಯಲ್ಲಿ ಈ ದೂರು ಬಂದರೆ ಒಂದರ ಸೆಲ್ (ಬ್ಯಾಟರಿಯೊಳಗಿನ ಸುಮಾರು 2 ವೋಲ್ಟಿನ ಕೋಣೆ) ಒಳಗೆ ಶಾರ್ಟ್ ಆಗಿರಬಹುದು. ಆರು ಸೆಲ್ಲಿನ ಬ್ಯಾಟರಿ ಆಗ ಐದರದ್ದಾಗಿ 10.5ರ ಸುತ್ತ ನಿಲ್ಲುತ್ತದೆ. ಪಕ್ಕದ ಒಳ್ಳೆಯದು ರಾತ್ರಿಯಿಡೀ ಅದಕ್ಕೆ ಚಾರ್ಜ್ ಸುರಿಯುತ್ತದೆ. ಕೆಟ್ಟ ಬ್ಯಾಟರಿಯ ಮೈ ಬೆಚ್ಚಗಿರುತ್ತದೆ. ಸೇರಿಕೊಂಡಿರುವಾಗ ಅಳೆದರೆ ಎರಡೂ ಒಂದೇ ಅಂಕಿ ತೋರಿಸುತ್ತವೆ, ಏನೂ ತಿಳಿಯುವುದಿಲ್ಲ. ರಾತ್ರಿ ಎರಡನ್ನೂ ಬೇರ್ಪಡಿಸಿ ಬೆಳಗ್ಗೆ ಅಳೆಯಿರಿ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ. ಆರೂ ಸೆಲ್ಲು 1.250ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಐದು 1.240 ಇದ್ದು ಒಂದು ಮಾತ್ರ 1.150 ಇದ್ದರೆ ಆ ಬ್ಯಾಟರಿಯ ಕಥೆ ಮುಗಿಯಿತು. ಎಲ್ಲ ಆರೂ ಸಮವಾಗಿ ಕಡಿಮೆ ಇದ್ದರೆ ಹೆದರಬೇಡಿ, ಅದು ಬರೀ ಹಸಿವು.

ಜೋಡಣೆಯೇ ತಪ್ಪಿದ್ದರೆ

ಬ್ಯಾಟರಿ ತೊಳೆದು ವಾಪಸ್ ಹಾಕುವಾಗ ಆಗುವ ತಪ್ಪುಗಳು ಇವು. ಲಿಂಕ್ ಕೇಬಲನ್ನು ಪ್ಲಸ್ಸಿಂದ ಪ್ಲಸ್ಸಿಗೆ ಹಾಕಿದರೆ ಉಳಿದ ಎರಡು ಮೈನಸ್ ನಡುವೆ ಮೀಟರ್ ಹತ್ತಿರ ಹತ್ತಿರ ಸೊನ್ನೆ ತೋರಿಸುತ್ತದೆ. ಗಾಡಿ ಪೂರ್ತಿ ಕತ್ತಲು. ಎರಡು ಬ್ಯಾಟರಿ ಒಂದನ್ನೊಂದು ತಳ್ಳುತ್ತಿವೆ, ಅಷ್ಟೇ. 24ರ ಲಾರಿಗೆ ಪ್ಯಾರಲಲ್ ಹಾಕಿದರೆ 12 ವೋಲ್ಟ್ ಮಾತ್ರ. ಲೈಟು ಮಂಕು, ಸೊಲೆನಾಯ್ಡ್ ಬರೀ ಟಕ್ ಅನ್ನುತ್ತದೆ ಅಥವಾ ಅದೂ ಇಲ್ಲ.

ಹೆದರಬೇಕಾದದ್ದು ಇನ್ನೊಂದಕ್ಕೆ. ಸೀರೀಸ್ ಲಿಂಕ್ ಹಾಕಿದ ಮೇಲೆ, ಉಳಿದ ಪ್ಲಸ್ಸಿನಿಂದ ಉಳಿದ ಮೈನಸ್ಸಿಗೂ ಇನ್ನೊಂದು ಲಿಂಕ್ ಹಾಕಿದರೆ ಅದು 24 ವೋಲ್ಟಿನ ನೇರ ಶಾರ್ಟ್. ಕೇಬಲ್ ಕರಗುತ್ತದೆ, ಬ್ಯಾಟರಿ ಸಿಡಿಯಬಹುದು. ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಕೆಲವರು 12ರ ಸೆಲ್ಫಿಗೆ ಬೇಕಂತಲೇ 24 ಕೊಡುತ್ತಾರೆ. ಇಂಜಿನ್ ಬುಗುರಿಯ ಹಾಗೆ ತಿರುಗಿ ಎದ್ದುಬಿಡುತ್ತದೆ, ಸುತ್ತಲಿನವರು ಶಭಾಷ್ ಅನ್ನುತ್ತಾರೆ. ನಿಂತ ಮೋಟರಿಗೆ ದುಪ್ಪಟ್ಟು ಆಂಪಿಯರ್ ನುಗ್ಗುವುದರಿಂದ ಸೆಲ್ಫಿನ ಪಿನಿಯನ್ (ಚಿಕ್ಕ ಹಲ್ಲಿನ ಚಕ್ರ) ಇಂಜಿನ್ನಿನ ರಿಂಗ್‌ಗೇರಿಗೆ ಸುತ್ತಿಗೆಯ ಹಾಗೆ ಬಡಿಯುತ್ತದೆ. ಹಲ್ಲು ಮುರಿದರೆ ಗೇರ್‌ಬಾಕ್ಸ್ ಇಳಿಸಬೇಕು, ಟ್ರ್ಯಾಕ್ಟರಾದರೆ ನಡುವೆ ಎರಡು ಭಾಗ ಮಾಡಬೇಕು. ಕಂಪ್ಯೂಟರ್ ಇರುವ ಹೊಸ ಗಾಡಿಯಾದರೆ ಅದೂ ಹೋಗುತ್ತದೆ. ನನ್ನ ಕೈಯಿಂದ ಇದನ್ನು ಮಾಡಿಸಬೇಡಿ.

ಆ ಲಾರಿ ವಾಪಸ್ ಬಂದಾಗ

ಐದನೇ ದಿನ ಡ್ರೈವರ್ ಗಾಡಿ ತಂದು ನಿಲ್ಲಿಸಿದ. ನಾನು ಹೇಳಿದ ಹಾಗೆ ಹಾಡು ನಿಲ್ಲಿಸಿಕೊಂಡೇ ಓಡಿಸಿದ್ದ, ಪಾಪ. ಅರ್ತ್ ಕಡೆಯ ಬ್ಯಾಟರಿ ಇಳಿಸಿ ರಾತ್ರಿಯಿಡೀ 10 ಆಂಪಿಯರಿನಲ್ಲಿ ಬೇರೆಯಾಗಿ ಚಾರ್ಜ್ ಹಾಕಿದೆ. ಬೆಳಗ್ಗೆ ಆರೂ ಸೆಲ್ಲು 1.240ಕ್ಕೆ ಬಂದಿದ್ದವು. ಎಂಟೇ ತಿಂಗಳಾಗಿದ್ದರಿಂದ ಉಳಿಯಿತು. ಇನ್ನೊಂದು ಬೇಸಿಗೆ ಹಾಗೇ ಓಡಿಸಿದ್ದರೆ ಉಳಿಯುತ್ತಿರಲಿಲ್ಲ. ಮೇಲಿನದರಲ್ಲಿ ಪ್ಲೇಟಿನ ತಲೆ ಕಾಣುವಷ್ಟು ನೀರು ಇಳಿದಿತ್ತು, ತುಂಬಿಸಿದೆ.

ವಾಪಸ್ ಕಟ್ಟಿ ಸೆಲ್ಫ್ ಹೊಡೆಸಿದಾಗ ಬ್ಯಾಟರಿಗಳು 10.2 ಮತ್ತು 9.8, ಒಟ್ಟು 20. ಚೆನ್ನಾಗಿದೆ. ಆದರೆ ಸೆಲ್ಫಿನ ಹತ್ತಿರ ಅಳೆದರೆ 18.1. ಸುಮಾರು 2 ವೋಲ್ಟ್ ಇನ್ನೂ ಎಲ್ಲೋ ಕಳೆಯುತ್ತಿತ್ತು. ತುಂಡು ತುಂಡಾಗಿ ಹುಡುಕಿದಾಗ ಕಟಾಫ್ ಸ್ವಿಚ್ಚಿನ ಎರಡು ಬೋಲ್ಟ್ ನಡುವೆಯೇ 1.3 ಸಿಕ್ಕಿತು. ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕರಿಯಾಗಿತ್ತು. ದುರ್ಬಲ ಬ್ಯಾಟರಿಯಲ್ಲಿ ಪದೇ ಪದೇ ಸೆಲ್ಫ್ ಹೊಡೆದದ್ದರಿಂದಲೇ ಹೀಗಾಗಿರಬೇಕು ಅಂತ ನನಗೆ ಅನಿಸಿತು. ಸ್ವಿಚ್ ಬದಲಿಸಿದೆ. ಸೆಲ್ಫಿಗೆ 19.3 ಮುಟ್ಟಿತು.

ನಡುವಿನ ಕಂಬದಿಂದ ಎಳೆದಿದ್ದ ವೈರ್ ಕಿತ್ತು ಕನ್ವರ್ಟರ್ ಕೂರಿಸಿದೆ. ಇಂಜಿನ್ ಓಡಿಸಿ ಕೊನೆಯ ಸಲ ಅಳೆದಾಗ ಒಟ್ಟು 28.0. ಮೇಲಿನದಕ್ಕೆ 14.1, ಕೆಳಗಿನದಕ್ಕೆ 13.9. ಡ್ರೈವರ್ ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಕ್ಯಾಬಿನ್ನಿಗೆ ಹತ್ತಿ ಹಾಡು ಹಾಕಿದ.